ಚಪ್ಪಲಿ ಸ್ಟ್ಯಾಂಡಿನವರೆಗೆ ಬಂದ ಫೈಬರ್

ಮೊನ್ನೆ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಹೊಸದಾಗಿ ಫ್ಲ್ಯಾಟ್ ಕೊಂಡ ಹುಡುಗ ಗೋಡೆ ಒಡೆಸಲು ಶುರು ಮಾಡಿದ. ಡೊಂಬಿವಿಲಿಯಲ್ಲಿ ಯಾರೇ ಹಳೇ ಫ್ಲ್ಯಾಟ್ ಕೊಂಡರೂ ಮೊದಲು ಆಗುವುದು ಇದೇ. ಸಂಜೆ ನಾನೂ ಹೋಗಿ ನೋಡಿ ಬಂದೆ (ರಿಟೈರ್ ಆದವನಿಗೆ ಬೇರೇನು ಕೆಲಸ ಅಂತೀರಾ? ಹೌದು, ಅದೇ). ಕಿಚನ್ನಿಗೆ ಗ್ರಾನೈಟ್, ಹಾಲಿಗೆ ಪಿಓಪಿ ಸೀಲಿಂಗ್, ಎರಡು ಏಸಿಗೆ ಪಾಯಿಂಟು, ಎಲ್ಲವೂ ಅವನ ಪಟ್ಟಿಯಲ್ಲಿತ್ತು. "ಇಂಟರ್ನೆಟ್ ವಾಯರ್ ಎಲ್ಲೆಲ್ಲಿಗೆ ಎಳೆಸ್ತೀಯಪ್ಪ?" ಅಂತ ಹಿಂದಿಯಲ್ಲಿ ಕೇಳಿದೆ. ಟೈಪ್‌ರೈಟರ್ ಎಲ್ಲಿಡ್ತೀಯ ಅಂತ ಕೇಳಿದೆನೇನೋ ಎಂಬಂತೆ ನೋಡಿದ. "ಅಂಕಲ್, ವೈಫೈ ಹೈ ನಾ!"

ಈ 'ವೈಫೈ ಹೈ ನಾ' ಎಂಬುದರ ಮೇಲೇ ನನ್ನ ತಕರಾರು. ಯಾಕೆಂದರೆ 2014ರಲ್ಲಿ ನಮ್ಮ ಮನೆಯ ಗೋಡೆ ಒಡೆದಾಗ ನಾನೂ ಇದನ್ನೇ ಹೇಳಿದ್ದೆ.

ನಾನು ಮುಂಬಯಿಗೆ ಬಂದದ್ದು 1989ರಲ್ಲಿ. ಊರಿಗೆ ಮಾತಾಡಬೇಕಾದರೆ ರಾತ್ರಿ ಊಟ ಮುಗಿಸಿ ಎಸ್‌ಟಿಡಿ ಬೂತಿನ ಎದುರು ಸಾಲು ನಿಲ್ಲಬೇಕಿತ್ತು. ಹೊತ್ತಾದ ಮೇಲೆ ದರ ಇಳಿಯುತ್ತಿತ್ತಲ್ಲ, ಅದಕ್ಕೆ. ಊರಿನಲ್ಲಿ ಪೋಸ್ಟಾಫೀಸಿನ ಪಕ್ಕದ ಮನೆಗೆ ಫೋನು, ಅಲ್ಲಿಂದ ಯಾರೋ ಓಡಿ ಹೋಗಿ ಅಮ್ಮನನ್ನು ಕರೆತರುವುದು, ಇತ್ತ ಮೀಟರಿನ ಕೆಂಪು ಅಂಕಿ ಓಡುವುದು... ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವ ಕತೆಯೇ ಬಿಡಿ. ಅಂಥವನ ಮನೆ ಬಾಗಿಲಿಗೆ 2018ರಲ್ಲಿ ಫೈಬರ್ ಬಂತು. ಕನೆಕ್ಷನ್ ಕೊಡಲು ಬಂದ ಹುಡುಗ ಬಾಗಿಲ ಪಕ್ಕದಲ್ಲಿ ಒಂದು ತೂತು ಕೊರೆದ, ಒಳಗೆ ಸಿಕ್ಕಿದ ಮೊದಲ ಪ್ಲಗ್ಗಿನ ಹತ್ತಿರ ಡಬ್ಬಿ ಕೂರಿಸಿದ, ಹೋದ. ಆ ಜಾಗ ನಮ್ಮ ಚಪ್ಪಲಿ ಸ್ಟ್ಯಾಂಡಿನ ಮೇಲೆ. ಅವನ ತಪ್ಪಲ್ಲ. ಅವನ ಕೆಲಸ ಹೊಸ್ತಿಲಿನವರೆಗೆ. ಹೊಸ್ತಿಲ ಒಳಗಿನದು ನಮ್ಮ ಕೆಲಸ, ಅದನ್ನು ನಾವು ಯಾರೂ ಮಾಡಿರಲಿಲ್ಲ.

ಅಲ್ಲಿಂದ ಒಳಗಿನ ಬೆಡ್‌ರೂಮಿಗೆ ಹೆಚ್ಚೆಂದರೆ ಮೂವತ್ತು ಅಡಿ. ಆದರೆ ನಡುವೆ ಬಾತ್‌ರೂಮಿನ ಟೈಲ್ಸು, ನೀರಿನ ಪೈಪು, ಕಬ್ಬಿಣದ ಸರಳು ತುಂಬಿದ ಕಾಂಕ್ರೀಟ್ ಕಂಬ, ಆಮೇಲೆ ನಮ್ಮ ಸ್ಟೀಲ್ ಕಪಾಟು. ವೈಫೈಗೆ ಇವೆಲ್ಲ ಶತ್ರುಗಳೇ. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ, ಆದರೆ ಬಿಲ್ಡಿಂಗಿನ ಎಲ್ಲ ಮನೆಯವರೂ ಅದೇ ಗಲ್ಲಿಯಲ್ಲಿ ನುಗ್ಗುತ್ತಿರುತ್ತಾರೆ. 5 ಗಿಗಾಹರ್ಟ್ಸ್ ವೇಗವಾಗಿದೆ, ಆದರೆ ಒಂದೆರಡು ಗೋಡೆಗೇ ಸುಸ್ತಾಗುತ್ತದೆ.

2021ರ ಏಪ್ರಿಲಿನಲ್ಲಿ ಊರಲ್ಲಿ ಅಮ್ಮ ಹಾಸಿಗೆ ಹಿಡಿದಳು. ಕೊರೊನಾ ಎರಡನೇ ಅಲೆ, ಹೋಗುವ ಹಾಗಿರಲಿಲ್ಲ. ಮಗಳ ಆಫೀಸು ಹಾಲಿನಲ್ಲಿ, ಹೆಂಡತಿಯ ಟ್ಯೂಷನ್ ಕ್ಲಾಸು ಕಿಚನ್ನಿನಲ್ಲಿ, ನಾನು ಒಳಗಿನ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅಮ್ಮನಿಗೆ ವಿಡಿಯೋ ಕಾಲ್. ಅಮ್ಮನ ಬಾಯಿ ಆಡುತ್ತಿತ್ತು, ದನಿ ಬರಲಿಲ್ಲ. ಚಿತ್ರ ನಿಂತಿತು, ಮತ್ತೆ ಚಲಿಸಿತು, ಮತ್ತೆ ನಿಂತಿತು. ನಾನು ಊರಿನ ನೆಟ್‌ವರ್ಕನ್ನು ಬೈದೆ. ಮರುದಿನ ಅನುಮಾನ ಬಂದು ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಂತು ಮಾಡಿದೆ. ಸ್ಪಷ್ಟವಾಗಿ ಕೇಳಿತು. "ಊಟ ಆಯ್ತಾ?" ಅಂದಳು. ಅಲ್ಲಿಂದ ಮುಂದಿನ ಹನ್ನೊಂದು ದಿನ ನಾನು ಅಮ್ಮನ ಜೊತೆ ಮಾತಾಡಿದ್ದು ಚಪ್ಪಲಿಗಳ ನಡುವೆ ಸ್ಟೂಲು ಹಾಕಿಕೊಂಡು. ಮೊದಲ ದಿನ ಅವಳು ಏನು ಹೇಳಿದಳೋ ಅದು ಇವತ್ತಿಗೂ ನನಗೆ ಗೊತ್ತಿಲ್ಲ.

ಹೋಗಲಿ. 2023ರಲ್ಲಿ ಮೇಲಿನವರ ಬಾತ್‌ರೂಮ್ ಲೀಕೇಜಿನಿಂದ ನಮ್ಮ ಗೋಡೆ ಮತ್ತೆ ಒಡೆಯಬೇಕಾಯಿತು. ಈ ಸಲ ನಾನು ಬಿಡಲಿಲ್ಲ. ಮೊದಲು ಕಾಗದದ ಮೇಲೆ ಮನೆಯ ನಕ್ಷೆ ಬರೆದೆ. ಟಿವಿ, ಮಗಳ ಮೇಜು, ನನ್ನ ಮೇಜು ಇವು ಜಾಗ ಬಿಟ್ಟು ಏಳುವುದಿಲ್ಲ, ಹಾಗಾಗಿ ಇವಕ್ಕೆ ಗೋಡೆಯಿಂದಲೇ ವಾಯರು. ಒಳಗಿನ ಪ್ಯಾಸೇಜಿನ ಸೀಲಿಂಗಿಗೆ ಒಂದು ವಾಯರು, ಅದರ ತುದಿಗೆ ಇನ್ನೊಂದು ವೈಫೈ ಡಬ್ಬಿ. ಅಂದರೆ ನಾನು ವೈಫೈ ವಿರೋಧಿಯಲ್ಲ ಸ್ವಾಮಿ. ಫೋನಿಗೆ ವಾಯರು ಚುಚ್ಚಿಕೊಂಡು ಓಡಾಡಲಾಗುತ್ತದೆಯೇ? ವೈಫೈ ಕೊನೆಯ ಹತ್ತು ಅಡಿಗೆ ಸಾಕು, ಅಲ್ಲಿಯವರೆಗೆ ತಾಮ್ರದಲ್ಲೇ ಬರಲಿ ಎಂಬುದಷ್ಟೇ ನನ್ನ ವಾದ. ಈಗ ಎಲ್ಲರೂ ಹೇಳುವ ಮೆಶ್ ಕೂಡ ಅಷ್ಟೇ. ಡಬ್ಬಿಗಳು ಒಂದಕ್ಕೊಂದು ಗಾಳಿಯಲ್ಲೇ ಮಾತಾಡಿಕೊಂಡರೆ ಅವುಗಳ ಅರ್ಧ ಶಕ್ತಿ ಆ ಹರಟೆಗೇ ಖರ್ಚು. ವಾಯರು ಕೊಟ್ಟು ನೋಡಿ, ಆಗ ತಿಳಿಯುತ್ತದೆ.

ಕ್ಯಾಟ್ 6 ಕೇಬಲ್ ಹಾಕಿಸಿದೆ. ನೂರು ಮೀಟರಿನವರೆಗೆ 1 ಗಿಗಾಬಿಟ್, ಸುಮಾರು 55 ಮೀಟರಿನವರೆಗೆ 10 ಗಿಗಾಬಿಟ್ ಕೂಡ ಒಯ್ಯಬಲ್ಲದು. ನಮ್ಮ ಫ್ಲ್ಯಾಟಿನಲ್ಲಿ 55 ಮೀಟರ್ ನಡೆಯಬೇಕಾದರೆ ಗಿರಕಿ ಹೊಡೆಯಬೇಕು! ಅಂಗಡಿಯವನು ಅರ್ಧ ಬೆಲೆಗೆ ಒಂದು ಕೇಬಲ್ ತೋರಿಸಿದ. ಬ್ಲೇಡಿನಿಂದ ತಂತಿ ಕೆರೆದು ನೋಡಿದೆ, ಒಳಗೆ ಬೆಳ್ಳಗಿತ್ತು. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಬೇಡ ಅಂದೆ. ಗೋಡೆಯೊಳಗೆ ಇಪ್ಪತ್ತು ವರ್ಷ ಇರಬೇಕಾದ ವಸ್ತುವಿನಲ್ಲಿ ಉಳಿತಾಯ ಮಾಡಬಾರದು.

ನಮ್ಮ ವಾಯರ್‌ಮ್ಯಾನ್ ಒಳ್ಳೆಯವನೇ, ಆದರೆ ಲೈಟಿನ ಲೆಕ್ಕದಲ್ಲಿ ಹೊರಟ. ಒಂದು ಪಾಯಿಂಟಿನಿಂದ ಇನ್ನೊಂದಕ್ಕೆ ಲೂಪ್ ಹಾಕಲು ನೋಡಿದ. ಇದು ಹಾಗಲ್ಲ, ಪ್ರತಿ ಪಾಯಿಂಟಿನಿಂದಲೂ ಬೇರೆ ಬೇರೆ ಕೇಬಲ್ ಒಂದೇ ಜಾಗಕ್ಕೆ ಬರಬೇಕು ಅಂತ ಅವನನ್ನು ಒಪ್ಪಿಸುವಷ್ಟರಲ್ಲಿ ಎರಡು ಚಹಾ ಆಯಿತು. ಕರೆಂಟಿನ ಪೈಪಿನಲ್ಲೇ ಇದನ್ನೂ ತುರುಕಲು ಹೋದ, ಅದೂ ಕೂಡದು. ಬೇರೆ ಪೈಪು, ನಡುವೆ ಅಂತರ, ದಾಟಲೇಬೇಕಾದಲ್ಲಿ ಅಡ್ಡಡ್ಡ. ಕೊನೆಗೆ ನಾನಿಲ್ಲದಾಗ ಒಂದು ಪಾಯಿಂಟಿನಲ್ಲಿ ಎಂಟು ತಂತಿಯ ಪೈಕಿ ನಾಲ್ಕನ್ನೇ ಜೋಡಿಸಿ ಮಿಕ್ಕಿದ್ದನ್ನು ಕತ್ತರಿಸಿಬಿಟ್ಟಿದ್ದ. ನಾಲ್ಕೇ ತಂತಿಯಲ್ಲಿ ನೆಟ್ ಬರುತ್ತದೆ, ನಿಜ. ಆದರೆ 100 ಎಂಬಿಪಿಎಸ್‌ಗೆ ನಿಂತುಬಿಡುತ್ತದೆ. ಗಿಗಾಬಿಟ್ಟಿಗೆ ಎಂಟೂ ಬೇಕು. ಹಾಗಾಗಿ ಗೋಡೆ ಮುಚ್ಚುವ ಮೊದಲೇ ಒಂದೊಂದು ಪಾಯಿಂಟನ್ನೂ ಲ್ಯಾಪ್‌ಟಾಪ್ ಹಚ್ಚಿ ನೋಡಿಕೊಳ್ಳಿ.

ಬಾಗಿಲಿನಿಂದ ಒಳಗಿನ ಡಬ್ಬಿಯವರೆಗೆ ಒಂದು ಖಾಲಿ ಪೈಪನ್ನೂ ಹಾಕಿಸಿ, ಒಳಗೆ ಹಗ್ಗ ಬಿಟ್ಟಿದ್ದೇನೆ. ಫೈಬರ್ ಒಳಗೆ ಬಂದದ್ದು ಅದರಲ್ಲೇ. ಕಂಪನಿ ಬದಲಾದರೆ ಹಳೆಯದನ್ನು ಎಳೆದು ಹೊಸದನ್ನು ತೂರಿಸಿದರಾಯಿತು. ಮೂಲೆಯಲ್ಲಿ ಪೈಪನ್ನು ಉದ್ದಕ್ಕೆ ಬಳಸಿ ತಿರುಗಿಸಬೇಕು, ಫೈಬರ್ ಚೂಪಾಗಿ ಮಡಚಿದರೆ ಬೆಳಕು ಸೋರುತ್ತದೆ. ಮತ್ತೆ ಆ ಡಬ್ಬಿಗಳಿಗೊಂದು ಸಣ್ಣ ಯುಪಿಎಸ್. ಹಳೇ ತಾಮ್ರದ ಟೆಲಿಫೋನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟು ಬರುತ್ತಿತ್ತು, ಫೈಬರಿನ ಟೆಲಿಫೋನು ಮನೆಯ ಕರೆಂಟು ಹೋದರೆ ಸತ್ತಂತೆ. ವಯಸ್ಸಾದವರಿರುವ ಮನೆಯಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಖರ್ಚು? ಕೇಬಲ್ಲು, ಪ್ಲೇಟುಗಳು, ಎಂಟು ಪೋರ್ಟಿನ ಸ್ವಿಚ್ಚು, ಕೂಲಿ ಸೇರಿ ಒಂಬತ್ತು ಸಾವಿರದೊಳಗೆ ಮುಗಿಯಿತು. ಹಾಲಿನ ಪಿಓಪಿಗೆ ಇದರ ಐದು ಪಟ್ಟು ಕೊಟ್ಟಿದ್ದೆ, ಅದನ್ನು ನೋಡಲು ಯಾರೂ ತಲೆ ಎತ್ತುವುದಿಲ್ಲ.

ಬಿಲ್ಡರುಗಳೇ ಇದನ್ನು ಮಾಡಬೇಕು ಎನ್ನುವವರೂ ಇದ್ದಾರೆ. ಟ್ರಾಯ್ 2024ರ ಅಕ್ಟೋಬರಿನಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ರೇಟಿಂಗ್ ಕೊಡುವ ನಿಯಮ ತಂದಿತು. ಒಳ್ಳೆಯದೇ. ಆದರೆ ನಮ್ಮಂಥ ಮೂವತ್ತು ವರ್ಷದ ಹಳೇ ಬಿಲ್ಡಿಂಗಿನವರು ಅದನ್ನು ಕಾಯುತ್ತಾ ಕೂರುವುದೆ?

ಅಂದ ಹಾಗೆ, ನಮ್ಮವರಲ್ಲಿ ಬಹಳ ಜನ ಈಗ ಊರಲ್ಲಿ ಮನೆ ಕಟ್ಟಿಸುತ್ತಿದ್ದೀರಿ. ನನ್ನ ಹೆಂಡತಿಯ ತಮ್ಮನೂ ಕುಂದಾಪುರದ ಹತ್ತಿರ ಕಟ್ಟಿಸುತ್ತಿದ್ದಾನೆ, ಕೆಂಪುಕಲ್ಲಿನ ದಪ್ಪ ಗೋಡೆ. ಫೋನು ಮಾಡಿ ಹೇಳಿದೆ. "ಅದೆಲ್ಲ ಎಂತಕ್ಕೆ ಭಾವ, ವೈಫೈ ಹಾಕ್ರೆ ಆಯ್ತಲೆ" ಅಂದ. ಅಲ್ಲಿ ಇನ್ನೊಂದು ತಾಪತ್ರಯ ಇದೆ, ಮಳೆಗಾಲದ ಮುಂಚಿನ ಸಿಡಿಲು. ಅವನ ಕೊಟ್ಟಿಗೆಯ ಕ್ಯಾಮರಾಕ್ಕೆ ಹೊರಗಿನಿಂದ ತಾಮ್ರದ ಕೇಬಲ್ ಎಳೆದರೆ ಒಂದು ಸಿಡಿಲಿಗೆ ಮನೆಯೊಳಗಿನ ಡಬ್ಬಿಗಳೂ ಹೋಗಬಹುದು. ಅಂಗಳ ದಾಟುವ ಆ ಒಂದು ತುಂಡು ಲೋಹವಿಲ್ಲದ ಫೈಬರ್ ಆಗಿದ್ದರೆ ಅದರ ಮೂಲಕ ಕರೆಂಟು ಹರಿಯುವುದಿಲ್ಲ. ಇಷ್ಟು ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಪ್ಲಾಸ್ಟರಿಂಗ್ ಬರುವ ವಾರ ಶುರು, ನಕ್ಷೆ ಬರೆದು ವಾಟ್ಸಾಪಿಗೆ ಹಾಕಿ ಅಂದ. ನಿನ್ನೆ ರಾತ್ರಿ ಬರೆದು ಕಳಿಸಿದ್ದೇನೆ. ಮೂರನೇ ಮಹಡಿಯ ಹುಡುಗನಿಗೂ ನಾಳೆ ಒಂದು ಪ್ರತಿ ಕೊಡಬೇಕು, ಅವನ ಪಿಓಪಿಯವನು ಬರುವ ಮೊದಲು.