ಕಂದು ಕಳಿಂಗ

ಆಶ್ವಯುಜದ ಹೊತ್ತಿಗೆ ನಮ್ಮ ಕುರುಚಲು ಬಯಲುಗಳಿಗೆ ಬಂದಿಳಿಯುವ ಕಂದು ಕಳಿಂಗವು ಸೈಬೀರಿಯಾ, ಮಂಗೋಲಿಯಾಗಳ ಕಡೆ ಮರಿಮಾಡುವ ಹಕ್ಕಿ. ಗುಬ್ಬಿಗಿಂತ ತುಸು ದೊಡ್ಡದು. ಕಣ್ಣಿಗೆ ಅಡ್ಡಲಾಗಿ ಕಪ್ಪುಪಟ್ಟಿ. 1758ರಲ್ಲಿ ಲಿನೇಯಸ್ ಪಂಡಿತನು ಇದನ್ನು ಸೇರಿಸಿದ ‘ಲೇನಿಯಸ್’ ಕುಲದ ಹೆಸರಿಗೆ ಕಟುಕನೆಂದೇ ಅರ್ಥ. ಹಿಡಿದ ಮಿಡತೆ, ಹಲ್ಲಿಗಳನ್ನು ಮುಳ್ಳಿಗೆ ಚುಚ್ಚುವ ಈ ಪಕ್ಷಿಯನ್ನು ನಾವೂ ಬಹುಕಾಲ ಕ್ರೂರಿಯೆಂದೇ ಎಣಿಸಿದ್ದೆವು. ಆದರೆ ಕೊಕ್ಕು ಗಿಡುಗನಂತೆ ಬಾಗಿದ್ದರೂ ಕಾಲುಗಳಲ್ಲಿ ಗಿಡುಗನ ಬಲವಿಲ್ಲ. ದೊಡ್ಡ ಬೇಟೆಯನ್ನು ಮೆಟ್ಟಿ ಹರಿಯಲಾರದು. ಮುಳ್ಳೇ ಅದರ ಕೈ, ಉಳಿದದ್ದಕ್ಕೆ ಉಗ್ರಾಣವೂ ಹೌದು. ಹಿಂದಿನ ವರ್ಷ ತಂಗಿದ ಜಾಗಕ್ಕೇ ಮರಳುವ ರೂಢಿಯೂ ಇದಕ್ಕುಂಟು. ಹೊಲದ ಮುಳ್ಳುಬೇಲಿ ಕಡಿಸಿ ಕಲ್ಲುಕಂಬ ನೆಡಿಸಲಿರುವ ಓದುಗ ಬಂಧುಗಳು ಒಂದು ಬದಿಯ ಕಾರೆ, ಜಾಲಿಗಳನ್ನಾದರೂ ಉಳಿಸಬೇಕೆಂದು ಕೇಳಿಕೊಳ್ಳುತ್ತೇವೆ. ವೈಶಾಖದೊಳಗೆ ಅದು ಹೊರಟುಹೋದೀತು. ಆಶ್ವಯುಜಕ್ಕೆ ಅದೇ ಬೇಲಿಯನ್ನು ಹುಡುಕಿ ಬಂದೀತು.