ಜ್ವರವಿಲ್ಲದ ಸೋಂಕಿನ ಹುಡುಕಾಟ

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಸಾವಿಗೆ ಹೃದ್ರೋಗವನ್ನು ಬಿಟ್ಟರೆ ಅತಿ ದೊಡ್ಡ ಕಾರಣ ಸೋಂಕು. ಅದು ಹಲವು ಸಲ ಜ್ವರವಿಲ್ಲದೆಯೇ ಬರುತ್ತದೆ. ಮೂತ್ರಪಿಂಡ ಕೈಕೊಟ್ಟ ದೇಹದಲ್ಲಿ ಬಿಳಿ ರಕ್ತಕಣಗಳ ಕಸುವು ಕುಂದಿರುವುದರಿಂದ, ಒಳಗೆ ಕೀವು ಕಟ್ಟಿದ್ದರೂ ಮೈ ಬಿಸಿಯಾಗದಿರಬಹುದು. ಸುಳಿವು ಬೇರೆ ಕಡೆ ಸಿಗುತ್ತದೆ: ಎರಿತ್ರೋಪೊಯೆಟಿನ್ ಚುಚ್ಚುಮದ್ದನ್ನು ಎಷ್ಟು ಹೆಚ್ಚಿಸಿದರೂ ಹಿಮೊಗ್ಲೋಬಿನ್ ಮೇಲೇಳುವುದಿಲ್ಲ, ಅಲ್ಬುಮಿನ್ ಇಳಿಯುತ್ತದೆ, ರಕ್ತದಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ಏರಿದ್ದು ಇಳಿಯುವುದಿಲ್ಲ, ಊಟ ಸೇರುವುದಿಲ್ಲ. ಇದೆಲ್ಲ ಕಿಡ್ನಿ ಕಾಯಿಲೆಯಲ್ಲಿ ಇದ್ದದ್ದೇ ಎಂದು ಬಿಟ್ಟುಬಿಡುವ ರೂಢಿಯೇ ರೋಗಿಗೆ ಮುಳುವಾಗುತ್ತದೆ.

ಸೋಂಕು ಅಡಗುವ ತಾಣಗಳು ಹಲವು: ಬೆನ್ನುಮೂಳೆ, ಹೃದಯದ ಕವಾಟ, ಕೆಲಸ ನಿಲ್ಲಿಸಿಯೂ ಹೊಟ್ಟೆಯಲ್ಲೇ ಉಳಿದ ಕಸಿ ಮೂತ್ರಪಿಂಡ, ನೀರುಗುಳ್ಳೆ ತುಂಬಿದ ಹಳೆಯ ಮೂತ್ರಪಿಂಡ. ಎಲ್ಲಕ್ಕಿಂತ ಸುಲಭವಾಗಿ ಮರೆತುಹೋಗುವುದು ಡಯಾಲಿಸಿಸ್ ಸೂಜಿಗಾಗಿ ತೋಳಿನಲ್ಲಿ ಕೂರಿಸಿದ್ದ ಹಳೆಯ ಗ್ರಾಫ್ಟ್. ರಕ್ತ ಹೆಪ್ಪುಗಟ್ಟಿ ಮುಚ್ಚಿಹೋದ ಈ ಪ್ಲಾಸ್ಟಿಕ್ ನಳಿಗೆ ಚರ್ಮದಡಿ ಹುರಿಯಂತೆ ಕೈಗೆ ಸಿಗುತ್ತದೆ. ಕೆಂಪಿಲ್ಲ, ನೋವಿಲ್ಲ, ಸೂಜಿ ಈಗ ಬೇರೆ ಕೈಗೆ ಬೀಳುತ್ತಿದೆ. ಹೀಗಿರುವಾಗ ಅದನ್ನು ಯಾರು ಸಂಶಯಿಸುತ್ತಾರೆ? 1998ರಲ್ಲಿ ಮೂತ್ರಪಿಂಡ ತಜ್ಞ ಹುವಾನ್ ಕಾರ್ಲೋಸ್ ಆಯೂಸ್ ಮತ್ತು ಸಂಗಡಿಗರು ಇಂತಹ ‘ಸತ್ತ’ ಗ್ರಾಫ್ಟ್‌ಗಳನ್ನು ಪರೀಕ್ಷಿಸಿ, ಯಾವ ಲಕ್ಷಣವೂ ಇಲ್ಲದವರಲ್ಲೂ ಸೋಂಕು ಮನೆಮಾಡಿರುವುದನ್ನು ತೋರಿಸಿದರು. ಅವರು ಬಳಸಿದ ವಿಧಾನದಲ್ಲಿ ರೋಗಿಯದೇ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಇಂಡಿಯಂ-111 ಎಂಬ ವಿಕಿರಣಶೀಲ ಧಾತುವನ್ನು ಅಂಟಿಸಿ ಮತ್ತೆ ರಕ್ತಕ್ಕೆ ಸೇರಿಸುತ್ತಾರೆ. ಸೋಂಕಿದ್ದ ಕಡೆ ಆ ಕಣಗಳು ಜಮಾಯಿಸುತ್ತವೆ. ಕ್ಯಾಮೆರಾ ಆ ಜಾಗವನ್ನು ತೋರಿಸುತ್ತದೆ. ಆದರೆ ಇದು ನಿಧಾನದ ಕೆಲಸ, ಬೆನ್ನುಮೂಳೆಯ ಸೋಂಕಿಗಂತೂ ನೆಚ್ಚುವಂಥದಲ್ಲ.

ಈಗ ಹೆಚ್ಚಾಗಿ ನೆರವಿಗೆ ಬರುವುದು ಪೆಟ್-ಸಿಟಿ. ಫ್ಲೋರಿನ್-18 ಸೇರಿಸಿದ ಸಕ್ಕರೆಯಂಥ ದ್ರವ್ಯವಾದ ಎಫ್‌ಡಿಜಿಯನ್ನು ಉರಿಯೂತದ ಜೀವಕೋಶಗಳು ಆತುರದಿಂದ ಹೀರಿಕೊಂಡು ಚಿತ್ರದಲ್ಲಿ ಹೊಳೆಯುತ್ತವೆ. ಒಂದೇ ಸಲಕ್ಕೆ ತಲೆಯಿಂದ ತೊಡೆಯವರೆಗೆ ನೋಡಬಹುದು, ಉಳಿದಿರುವ ಅಲ್ಪಸ್ವಲ್ಪ ಮೂತ್ರಪಿಂಡದ ಶಕ್ತಿಗೂ ಎಫ್‌ಡಿಜಿಯಿಂದ ಧಕ್ಕೆಯಿಲ್ಲ. ಎಂಆರ್‌ಐಯ ಚರಿತ್ರೆ ಬೇರೆ. ಅದಕ್ಕೆ ಬಳಸುವ ಗ್ಯಾಡೊಲಿನಿಯಂಗೂ ಡಯಾಲಿಸಿಸ್ ರೋಗಿಗಳ ಚರ್ಮ ಕಲ್ಲಿನಂತೆ ಬಿಗಿಯುವ ಕಾಯಿಲೆಗೂ ನಂಟಿರುವುದು 2006ರಲ್ಲಿ ಬೆಳಕಿಗೆ ಬಂತು. ಹೊಸ ಬಗೆಯ ಗ್ಯಾಡೊಲಿನಿಯಂ ದ್ರವ್ಯಗಳಲ್ಲಿ ಆ ಅಪಾಯ ತೀರ ಕಡಿಮೆ. ಬೆನ್ನುನೋವಿದ್ದರೆ ಎಂಆರ್‌ಐ ಇಂದಿಗೂ ಮೊದಲ ಆಯ್ಕೆಯೇ.

ಹೊಳೆದದ್ದೆಲ್ಲ ಸೋಂಕೆಂದು ತೀರ್ಮಾನಿಸುವುದು ಮಾತ್ರ ತಪ್ಪು. ಪೆಟ್ ತೋರಿಸುವುದು ಉರಿಯೂತವನ್ನೇ ಹೊರತು ರೋಗಾಣುವನ್ನಲ್ಲ. ದೇಹಕ್ಕೆ ಪರಕೀಯವಾದ ಗ್ರಾಫ್ಟ್ ಸೋಂಕಿಲ್ಲದೆಯೂ ಮಂದವಾಗಿ ಹೊಳೆಯುತ್ತದೆ, ಹೊಸ ಶಸ್ತ್ರಚಿಕಿತ್ಸೆಯ ಗಾಯವೂ ಹಾಗೆಯೇ. ಉದ್ದಕ್ಕೂ ಸಮನಾದ ಮಸುಕು ಹೊಳಪಿಗಿಂತ ಒಂದೆಡೆ ಮಡುಗಟ್ಟಿದ ತೀಕ್ಷ್ಣ ಹೊಳಪಿನ ಮೇಲೆ ಸಂಶಯ ಹೆಚ್ಚಬೇಕು. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಸಕ್ಕರೆ ಏರಿದ್ದರೆ, ಇಲ್ಲವೇ ಆ್ಯಂಟಿಬಯೋಟಿಕ್ ಆಗಲೇ ಶುರುವಾಗಿದ್ದರೆ, ನಿಜವಾದ ಸೋಂಕೂ ಕಣ್ತಪ್ಪಬಹುದು. ಕವಾಟದ ಮೇಲಿನ ಸಣ್ಣ ಗಂಟನ್ನು ಎಕೋ ಪರೀಕ್ಷೆಯೇ ಹಿಡಿಯಬೇಕು. ಕ್ಷಯವೂ ಕ್ಯಾನ್ಸರೂ ಇದೇ ಬಗೆಯಲ್ಲಿ ಹೊಳೆಯುತ್ತವೆ. ಕ್ಷಯ ವ್ಯಾಪಕವಾಗಿರುವ ಭಾರತದಲ್ಲಿ ಹೊಳೆದ ಗಡ್ಡೆಯಿಂದ ಸೂಜಿಯಲ್ಲಿ ಚೂರು ತೆಗೆದು ಪರೀಕ್ಷಿಸದೆ ಚಿಕಿತ್ಸೆಗೆ ಇಳಿಯುವುದು ದುಡುಕು.

ಆದ್ದರಿಂದ ಎಲ್ಲರನ್ನೂ ಸ್ಕ್ಯಾನಿಗೆ ಕಳಿಸುವುದರಲ್ಲಿ ಅರ್ಥವಿಲ್ಲ. ಆದರೆ ರಕ್ತದಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಕಂಡು ಮೂಲ ಸಿಗದಿದ್ದಾಗ, ಡಯಾಲಿಸಿಸ್‌ನ ಕ್ಯಾತಿಟರ್ ತೆಗೆದ ಮೇಲೂ ರಕ್ತದ ಕಲ್ಚರ್ ಪಾಸಿಟಿವ್ ಆಗಿಯೇ ಉಳಿದಾಗ, ರಕ್ತಹೀನತೆಗೂ ಏರಿದ ಸಿಆರ್‌ಪಿಗೂ ಕಾರಣ ತಿಳಿಯದಿದ್ದಾಗ ತಡಮಾಡಬಾರದು. ತೋಳನ್ನು ಕೈಯಿಂದ ಮುಟ್ಟಿ ನೋಡುವುದು, ಅಲ್ಟ್ರಾಸೌಂಡ್, ಎಕೋ ಮೊದಲಾಗಲಿ. ಅವು ಬರಿಗೈಯಾದರೆ ಪೆಟ್. ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ ಮಾತ್ರ. ಹಾಗಾಗಿ ಸ್ಕ್ಯಾನ್ ಸೌಲಭ್ಯ ದೊಡ್ಡ ಊರುಗಳನ್ನು ಬಿಟ್ಟು ಕದಲದು. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆರಡು, ಮೂರು ಸಲ ಡಯಾಲಿಸಿಸ್‌ಗೆ ಮಲಗುವ ರೋಗಿ ಅದಕ್ಕಾಗಿ ನಡುವಿನ ಬಿಡುವಿನ ದಿನ ಹಸಿದ ಹೊಟ್ಟೆಯಲ್ಲಿ ಬಸ್ ಹತ್ತಬೇಕು. ಆ ದಿನವನ್ನು ಮೊದಲೇ ಗೊತ್ತುಮಾಡಿ, ಹಳೆಯ ಗ್ರಾಫ್ಟ್ ಎಲ್ಲಿದೆ, ಕಸಿ ಯಾವಾಗ ಆಗಿತ್ತು, ಕ್ಯಾತಿಟರ್ ಯಾವ ಬದಿಯಲ್ಲಿತ್ತು ಎಂಬುದನ್ನು ಚೀಟಿಯಲ್ಲಿ ಬರೆದು ಕಳಿಸಿದರೆ, ಚಿತ್ರ ಓದುವವರಿಗೆ ಎಲ್ಲಿ ನೋಡಬೇಕೆಂದು ತಿಳಿಯುತ್ತದೆ.