ಗಾಜೂ ಅದರ ಆಧಾರವೂ

ತುಪ್ಪಕ್ಕೆ ಪಾತ್ರೆಯು ಆಧಾರವೋ, ಪಾತ್ರೆಗೆ ತುಪ್ಪವು ಆಧಾರವೋ ಎಂಬ ಸಂಶಯವು ಹುಟ್ಟಲಾಗಿ, ಒಬ್ಬ ತಾರ್ಕಿಕನು ಪಾತ್ರೆಯನ್ನು ಬೋರಲು ಹಾಕಿ ನಿರ್ಣಯವನ್ನು ಕಂಡುಕೊಂಡನೆಂಬ ಕಥೆಯನ್ನು ಪಾಠಶಾಲೆಯಲ್ಲಿ ನಮ್ಮ ಗುರುಗಳು ಹೇಳಿ ನಗಿಸುತ್ತಿದ್ದರು. ಆ ತಾರ್ಕಿಕನು ಕಳೆದುಕೊಂಡದ್ದು ತುಪ್ಪವನ್ನು ಮಾತ್ರ. ಈಗಿನವರು ಅದೇ ಪರೀಕ್ಷೆಯನ್ನು ಜನರ ತಲೆಯ ಮೇಲೆ ನಡೆಸಲು ಹೊರಟಿರುವರೆಂದು ತೋರುವುದರಿಂದ ಈ ನಾಲ್ಕು ಮಾತುಗಳನ್ನು ವಾಚಕರಲ್ಲಿ ಅರಿಕೆ ಮಾಡಬೇಕಾಯಿತು.

ನಮ್ಮ ಕರಾವಳಿಯ ಮನೆಗಳ ಅಟ್ಟಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿರುವ ತಾಳೆಯೋಲೆಗಳಿಗೂ ಹಳೆಯ ಲೋಹಮೂರ್ತಿಗಳಿಗೂ ಒಂದು ವಸ್ತುಸಂಗ್ರಹಾಲಯವು ಬೇಕೆಂದು ತರುಣ ಮಿತ್ರರು ಹೇಳುತ್ತಿರುವರು. ಇದಕ್ಕೆ ನನ್ನ ಸಂಪೂರ್ಣ ಸಮ್ಮತಿಯುಂಟು. ಆದರೆ ಅದರ ಮುಖವೆಲ್ಲ ಗಾಜಿನದೇ ಆಗಿರಬೇಕಂತೆ! ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದ ಅಂಗಳದಲ್ಲಿ ೧೯೮೯ರಲ್ಲಿ ತೆರೆದ ಗಾಜಿನ ಪಿರಮಿಡ್ಡೇ ಇದಕ್ಕೆ ಪ್ರಮಾಣವಂತೆ. ನಾನು ಕೇಳಿದ ಪ್ರಶ್ನೆ ಒಂದೇ: "ಆ ಗಾಜನ್ನು ಕಾಂಕ್ರೀಟಿಗೆ ಹಿಡಿದಿಡುವುದು ಯಾವುದು?" ಅದಕ್ಕೆ ಬಂದ ಉತ್ತರವೂ ಒಂದೇ: "ಅದೆಲ್ಲ ಕಂಟ್ರಾಕ್ಟರನ ಕೆಲಸ, ಮಾಸ್ತರೇ." ಈ ಉತ್ತರದೊಡನೆಯೇ ನನ್ನ ಜಗಳ.

೧೨ ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ ೩೦ ಕಿಲೋ ತೂಗುವುದು. ಎರಡು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಒಂದು ಹಲಗೆಯೆಂದರೆ ೧೮೦ ಕಿಲೋ ಆಯಿತು. ಇದು ಕೆಳಗೆಳೆಯುವ ಭಾರ ಮಾತ್ರ. ಭಾರತೀಯ ಮಾನಕವು ಮಂಗಳೂರಿಗೆ ಗೊತ್ತುಮಾಡಿರುವ ಮೂಲ ಗಾಳಿಯ ವೇಗ ಸೆಕೆಂಡಿಗೆ ೩೯ ಮೀಟರ್. ಆ ವೇಗದಲ್ಲಿ ಗಾಳಿಯ ಒತ್ತಡವು ಚದರ ಮೀಟರಿಗೆ ಸುಮಾರು ೯೩ ಕಿಲೋ ಭಾರಕ್ಕೆ ಸಮನಾಗುವುದು. ಅದೇ ಹಲಗೆಯ ಮೇಲೆ ಐದೂವರೆ ಕ್ವಿಂಟಲಿಗೂ ಮೇಲಾಯಿತು. ಕಟ್ಟಡದ ಎತ್ತರ, ನೆಲದ ಬಗೆ ಮೊದಲಾದವುಗಳಿಂದ ಈ ಲೆಕ್ಕವು ಹೆಚ್ಚು ಕಡಿಮೆಯಾಗುವುದು. ಗಾಳಿಯು ಒಂದು ಮಗ್ಗುಲನ್ನು ನೂಕಿದರೆ ಇನ್ನೊಂದು ಮಗ್ಗುಲನ್ನೂ ಮೂಲೆಗಳನ್ನೂ ಹೊರಕ್ಕೆ ಹೀರುವುದು. ಆದುದರಿಂದ ಇಲ್ಲಿಯ ಬೋಲ್ಟು ಪಟ ತೂಗುಹಾಕುವ ಗೋಡೆಯ ಮೊಳೆಯಂಥದಲ್ಲ. ಕಿತ್ತುಬಾರದೆ ನಿಲ್ಲುವುದೇ ಅದರ ಧರ್ಮ.

"ಹಾಗಾದರೆ ಬಲವಾದ ಅಂಟನ್ನು ತುಂಬಿ, ಅಲುಗದಂತೆ ಬಿಗಿದರಾಯಿತು" ಎಂಬುದು ಪೂರ್ವಪಕ್ಷ. ಇದಕ್ಕೆ ಸಮಾಧಾನವು ಎರಡು ವಿಧ.

ಮೊದಲನೆಯದು ಅಂಟಿನ ಮಾತು. ಅಮೆರಿಕದ ಬಾಸ್ಟನ್ ನಗರದ ಸುರಂಗಮಾರ್ಗವೊಂದರಲ್ಲಿ ಕಾಂಕ್ರೀಟಿನೊಳಗೆ ಎಪಾಕ್ಸಿ ಅಂಟಿನಿಂದ ಕೂರಿಸಿದ ಬೋಲ್ಟುಗಳು ಛಾವಣಿಯ ಹಲಗೆಗಳನ್ನು ಹೊತ್ತಿದ್ದವು. ಎಡೆಬಿಡದ ಭಾರಕ್ಕೆ ಆ ಅಂಟು ಕೂದಲೆಳೆಯಷ್ಟು ಕೂದಲೆಳೆಯಷ್ಟು ಜಾರುತ್ತ, ೨೦೦೬ರ ಜುಲೈಯಲ್ಲಿ ಹಲಗೆಗಳು ಕೆಳಗೆ ಹೋಗುತ್ತಿದ್ದ ಕಾರಿನ ಮೇಲೆ ಬಿದ್ದು ಒಬ್ಬ ಸ್ತ್ರೀ ಮೃತಳಾದಳು. ಜಪಾನಿನ ಸಸಾಗೋ ಸುರಂಗದಲ್ಲಿ ೨೦೧೨ರ ಡಿಸೆಂಬರಿನಲ್ಲಿ ಅಂಥದೇ ಬೋಲ್ಟುಗಳು ಕಿತ್ತುಬಂದು ಒಂಬತ್ತು ಜನರು ಮಡಿದರು. ಇವು ಛಾವಣಿಗಳು, ಗಾಜಿನ ಗೋಡೆಗಳಲ್ಲವೆನ್ನಬಹುದು. ಆದರೆ ಬೋಲ್ಟಿಗೂ ಕಾಂಕ್ರೀಟಿಗೂ ಇರುವ ಆಧಾರಾಧೇಯಭಾವವು ಎರಡು ಕಡೆಯಲ್ಲಿಯೂ ಒಂದೇ.

ಎರಡನೆಯದು ಬಿಗಿತದ ಮಾತು. ಅದೇ ಬಾಸ್ಟನ್ನಿನ ಹ್ಯಾಂಕಾಕ್ ಗೋಪುರದಿಂದ ೧೯೭೩ರಲ್ಲಿ ಗಾಜುಗಳು ಒಡೆದು ಬೀಳತೊಡಗಿದವು. ಜೋಡಿಗಾಜಿನ ಅಂಚನ್ನು ಕೂಡಿಸಿದ್ದ ಸೀಸದ ಬೆಸುಗೆಯು ಸಡಿಲವಾಗಿದ್ದುದರಿಂದಲ್ಲ, ಅತಿ ಬಿಗಿಯಾಗಿದ್ದುದರಿಂದ! ಅದು ತಾನು ಬಾಗದೆ ಎಲ್ಲ ನೋವನ್ನೂ ಗಾಜಿಗೆ ದಾಟಿಸಿತು. ಕೊನೆಗೆ ೧೦,೩೪೪ ಗಾಜುಗಳನ್ನೂ ಬದಲಿಸಬೇಕಾಯಿತು. ಗಾಜನ್ನು ಹೊತ್ತ ಅಲ್ಯೂಮಿನಿಯಂ ಬಿಸಿಲಿಗೆ ಗಾಜಿನ ಎರಡೂವರೆ ಪಟ್ಟು ಹಿಗ್ಗುವುದು. ಮೂರು ಮೀಟರಿನ ಕಂಬಿ ಮೂವತ್ತು ಡಿಗ್ರಿ ಕಾದರೆ ಎರಡು ಮಿಲಿಮೀಟರ್ ಬೆಳೆಯುವುದು. ಆದಕಾರಣ ಒಂದು ತುದಿಯನ್ನು ಭದ್ರಪಡಿಸಿ, ಇನ್ನೊಂದು ತುದಿಗೆ ಉದ್ದನೆಯ ತೂತಿಟ್ಟು ಜಾರಲು ಎಡೆಗೊಡಬೇಕು. ಮಳೆಗಾಲಕ್ಕೆ ಮುನ್ನ ಜಗಲಿಗೆ ಮಡಲಿನ ತಟ್ಟಿಯನ್ನು ಕಟ್ಟುವ ನಮ್ಮೂರ ಆಳು ಹಗ್ಗಕ್ಕೆ ತುಸು ಸಡಿಲು ಬಿಡುವುದನ್ನು ಯಾವ ಕಾಲೇಜಿನಲ್ಲಿ ಕಲಿತನು?

ಇನ್ನು ನಮ್ಮ ವಿಶೇಷ ಶತ್ರುವಾದ ಉಪ್ಪು. ಕಡಲ ಗಾಳಿಯ ಉಪ್ಪು ಕಾಂಕ್ರೀಟಿನೊಳಗೆ ಇಳಿದು ಉಕ್ಕಿಗೆ ತುಕ್ಕು ಹಿಡಿಸುವುದು. ತುಕ್ಕು ಉಬ್ಬಿ ಕಾಂಕ್ರೀಟನ್ನೇ ಸೀಳುವುದು. ಕಡಲ ತುಂತುರು ತಾಗುವಲ್ಲಿ ಕಂಬಿಯ ಮೇಲೆ ೫೦ ಮಿಲಿಮೀಟರ್ ಕಾಂಕ್ರೀಟು ಹೊದಿಕೆಯಿರಬೇಕೆಂದು ೨೦೦೦ದ ಭಾರತೀಯ ಮಾನಕವು ವಿಧಿಸಿದೆ. ಹೊದಿಕೆಯನ್ನು ಕಷ್ಟಪಟ್ಟು ಹೊದಿಸಿ, ಆಮೇಲೆ ಗಾಜಿನವನು ಬಂದು ಅದರಲ್ಲಿ ನೂರಾರು ತೂತು ಕೊರೆದರೆ, ಕೋಟೆ ಕಟ್ಟಿ ದಿಡ್ಡಿಬಾಗಿಲನ್ನು ತೆರೆದಿಟ್ಟಂತಾಗದೆ? ಹಿಡಿತದ ಉಕ್ಕಿನ ಕಾಲುವೆಗಳನ್ನು ಕಾಂಕ್ರೀಟು ಸುರಿಯುವ ಮುನ್ನವೇ ಅಚ್ಚಿನಲ್ಲಿ ಕೂರಿಸತಕ್ಕದ್ದು. ಅದೂ ಮಾಲಿಬ್ಡಿನಂ ಬೆರೆತ ೩೧೬ನೆಯ ತರಗತಿಯ ಸ್ಟೇನ್‌ಲೆಸ್ ಉಕ್ಕಿನದಾಗಿರಬೇಕು. ಆ ಉಕ್ಕು ಅಲ್ಯೂಮಿನಿಯಮ್ಮನ್ನು ನೇರವಾಗಿ ಮುಟ್ಟಬಾರದು. ಮುಟ್ಟಿದರೆ ಉಪ್ಪುನೀರಿನ ಸಾಕ್ಷಿಯಲ್ಲಿ ಅಲ್ಯೂಮಿನಿಯಂ ಸವೆಯುವುದು. ನಡುವೆ ವಿದ್ಯುತ್ತು ಹರಿಯದ ಬಿಲ್ಲೆಯನ್ನು ಇಡಬೇಕು.

ನಾನು ಗಾಜಿನ ದ್ವೇಷಿಯಲ್ಲ. ಆದರೆ ನವೀನತೆಗೆ ಗಾಜೊಂದೇ ಗುರುತಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ೨೦೨೩ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯವು ಉಬ್ಬಚ್ಚಿನ ಉಕ್ಕಿನ ತಗಡನ್ನು ಹೊದ್ದು ನಿಂತಿದೆ. ಭಟ್ಕಳದ ಕೇತಪೈ ನಾರಾಯಣ ದೇವಾಲಯವು ಕಲ್ಲಿನ ಇಳಿಜಾರು ಮಾಡನ್ನು ಹೊತ್ತು ೧೬ನೆಯ ಶತಮಾನದಿಂದ ನಮ್ಮ ಮಳೆಯನ್ನು ತಡೆದಿದೆ. ಮೇಲಾಗಿ ತಾಳೆಯೋಲೆಗೆ ಬೇಕಾದುದು ಮಂದಬೆಳಕೇ ಹೊರತು ಪಡುವಣ ಬಿಸಿಲಲ್ಲ.

ಇಷ್ಟಾದರೂ ಗಾಜೇ ಬೇಕೆಂದರೆ ಇರಲಿ. ಆದರೆ ನಕ್ಷೆಯಲ್ಲಿ ಗಾಜಿಗಿಂತ ಮೊದಲು ಅದರ ಹಿಡಿತವನ್ನು ಬರೆಯಿರಿ. ಕೆಲವು ಬೋಲ್ಟುಗಳನ್ನು ಎಳೆದು ಪರೀಕ್ಷಿಸಿ, ಫಲವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿರಿ. ವರ್ಷವರ್ಷವೂ ಮಳೆಗಾಲ ಮುಗಿದ ಮೇಲೆ ಕೈ ಹಾಕಿ ನೋಡಲು ಎಡೆಯಿಡಿರಿ. ನೋಡುವವನ ಸಂಬಳವನ್ನೂ ಮೊದಲೇ ತೆಗೆದಿಡಿರಿ. ಇದು ಕಂಟ್ರಾಕ್ಟರನೊಬ್ಬನ ಕೆಲಸವಲ್ಲ, ಕಟ್ಟಿಸುವವರೆಲ್ಲರ ಹೊಣೆ.

ಮೂವತ್ತು ವರ್ಷ ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಊರೂರು ತೋರಿಸಿದವನು. ಸಂಗ್ರಹಾಲಯದ ಬಾಗಿಲು ತೆರೆಯುವವರೆಗೆ ಮಕ್ಕಳ ಸಾಲು ನಿಲ್ಲುವುದು ಆ ಗಾಜಿನ ಗೋಡೆಯ ಬುಡದಲ್ಲಿಯೇ. ಯಾವುದು ಯಾವುದಕ್ಕೆ ಆಧಾರವೆಂಬುದನ್ನು ಪಾತ್ರೆ ಬೋರಲಾಗುವ ಮೊದಲೇ ತಿಳಿಯೋಣ.